ಮನೆ ನಟ್ಟು

ನನ್ನ ಎಡತೊಡೆಯೊಳಗೆ ಈಗ ಒಂದು ರಾಡು, ಏಳು ಸ್ಕ್ರೂ ಇವೆ. ಇಪ್ಪತ್ತೆರಡು ವರ್ಷ ಕಂಡವರ ಗಾಡಿಗಳಿಗೆ ಇದನ್ನೆಲ್ಲ ಹಾಕಿಕೊಂಡು ಬಂದವನಿಗೆ ಈಗ ಡಾಕ್ಟರು ಹಾಕಿದರಲ್ಲ ಅಂತ, ನೋಡಲು ಬಂದವರೆಲ್ಲ ಒಂದೇ ತಮಾಷೆ ಮಾಡಿದರು. ಮೊದಲ ಸಲ ನಾನೂ ನಕ್ಕೆ. ಹದಿನೈದನೆಯವರು ಹೇಳುವ ಹೊತ್ತಿಗೆ ಗೋಡೆ ಕಡೆ ತಿರುಗಿ ಮಲಗೋಣ ಅನ್ನಿಸಿತು. ಆದರೆ ತಿರುಗಬೇಕಾದರೂ ಮಾಯಮ್ಮನನ್ನು ಕೂಗಬೇಕಿತ್ತು.

ಮಾಯಮ್ಮ ನನ್ನ ಹೆಂಡತಿ. ನಾನು ಬಾಲರಾಜು. ಕೂಟಗಲ್ಲಿನಲ್ಲಿ ರಸ್ತೆ ಮಗ್ಗುಲಿಗೇ ನಮ್ಮ ಮನೆ. ಮನೆ ಹಿಂದೆ ಎರಡು ಎಕರೆ ಹಿಪ್ಪುನೇರಳೆ, ಪಕ್ಕದಲ್ಲಿ ಮಾಯಮ್ಮ ರೇಷ್ಮೆ ಹುಳ ಸಾಕುವ ಹುಳದ ಮನೆ, ರಸ್ತೆ ಕಡೆಗೆ ನನ್ನ ಶೆಡ್ಡು. ಓಡದೆ ನಿಂತ ಹಳೇ ಗಾಡಿಗಳನ್ನು ಪೂರ್ತಿ ಬಿಚ್ಚಿ, ತುಕ್ಕು ಕೆರೆದು, ಮತ್ತೆ ಜೋಡಿಸಿ ಓಡಿಸಿಕೊಡುವುದು ನನ್ನ ಕಸುಬು. ನಾವು ಇದನ್ನು ಕೆಲಸ ಅಂತಲೇ ಕರೆಯುತ್ತಿದ್ದೆವು. ಈಗ ಭಾನುವಾರ ತಂಪು ಕನ್ನಡಕ ಹಾಕಿಕೊಂಡು ಬರುವವರು ಪ್ರಾಜೆಕ್ಟ್ ಅನ್ನುತ್ತಾರೆ. ಅನ್ನಲಿ, ಹೆಸರು ಬದಲಾದರೆ ತುಕ್ಕೇನು ಕಡಿಮೆಯಾಗುವುದಿಲ್ಲ.

ಚನ್ನಪಟ್ಟಣದ ಗೊಂಬೆ ವ್ಯಾಪಾರಿ ಕರೀಂ ಅವರ ಜೀಪು ನಮ್ಮ ಶೆಡ್ಡಿನಲ್ಲಿ ಬಾಡಿಯಿಲ್ಲದೆ ಎಂಟು ತಿಂಗಳಿಂದ ನಿಂತಿದೆ. ಕನಕಪುರದ ಮೇಷ್ಟ್ರೊಬ್ಬರ ಸ್ಕೂಟರು ನಾಲ್ಕು ಎಣ್ಣೆ ಡಬ್ಬಿಗಳೊಳಗೆ ಕೂತಿದೆ. ಅವೆರಡರ ಹಿಂದೆ, ನೀಲಿ ಟಾರ್ಪಾಲಿನ ಅಡಿಯಲ್ಲಿ, ನನ್ನ ತೊಡೆ ಮುರಿದ ಅಂಬಾಸಿಡರು ಇದೆ. ಅದನ್ನು ಬಿಚ್ಚಿ ನೋಡುವವರೆಗೆ ಇನ್ನೊಂದು ಗಾಡಿ ಮುಟ್ಟುವ ಹಾಗಿಲ್ಲ ಅಂತ ನನಗೆ ಗೊತ್ತಿತ್ತು. ನೋಡುವ ಧೈರ್ಯ ಮಾತ್ರ ಇರಲಿಲ್ಲ.

ಅದು ನನ್ನ ಮಾವ ಸಿದ್ದಯ್ಯನವರ ಕಾರು. ಅವರು ಕುದೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ನಮ್ಮ ಮದುವೆಯ ದಿನ ಮಾಯಮ್ಮನನ್ನು ಈ ಮನೆಗೆ ತಂದು ಇಳಿಸಿದ್ದೂ ಅದೇ ಕಾರಿನಲ್ಲಿ. ಮಾವ ಹೋದ ಮೇಲೆ ಹನ್ನೊಂದು ವರ್ಷ ಅದು ಹುಲ್ಲಿನ ಮೆದೆ ಪಕ್ಕ ನಿಂತಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದವು. ಅದನ್ನು ಸರಿ ಮಾಡಿಕೊಡಿ ಅಂತ ಮಾಯಮ್ಮ ಒಂದು ದಿನವೂ ಕೇಳಲಿಲ್ಲ. ತವರಿಗೆ ಹೋದಾಗಲೆಲ್ಲ ಬಾಗಿಲು ತೆಗೆದು, ಮುಂದಿನ ಸೀಟಿನಲ್ಲಿ ಒಂದು ನಿಮಿಷ ಕೂತು, ಸೆರಗು ಕೊಡವಿಕೊಂಡು ಇಳಿಯುತ್ತಿದ್ದಳು ಅಷ್ಟೆ. ಅದನ್ನು ನೋಡಿ ನೋಡಿ ಸಾಕಾಗಿ ಒಂದು ದಿನ ಲಾರಿಗೆ ಹಾಕಿಸಿಕೊಂಡು ಬಂದೆ. ಬೇರೆಯವರ ಕೆಲಸ ಮುಗಿದ ಮೇಲೆ ಸಿಕ್ಕ ಹೊತ್ತಿನಲ್ಲಿ ಮಾಡುತ್ತಾ ಮೂರು ವರ್ಷ ಹಿಡಿಯಿತು.

ಮನೆ ನಟ್ಟಿನ ವಿಷಯ ಇಲ್ಲಿ ಹೇಳಬೇಕು. ನನಗೆ ಕೆಲಸ ಕಲಿಸಿದವರು ರಾಮನಗರದ ರಸೂಲ್ ಸಾಬರು. ಅವರ ಹತ್ತಿರ ಒಂದು ಪದ್ಧತಿ ಇತ್ತು. ಒಂದು ಗಾಡಿಯನ್ನು ಪೂರ್ತಿ ಬಿಚ್ಚಿ ಕಟ್ಟಿದ ಮೇಲೆ ಒಂದೇ ಒಂದು ನಟ್ಟು ಬಿಗಿಯದೆ ಉಳಿಸುತ್ತಿದ್ದರು. ಗಾಡಿ ಯಾರದೋ ಆ ಮನೆಯವರು ಬಂದು ತಮ್ಮ ಕೈಯಾರೆ ಅದನ್ನು ಬಿಗಿಯಬೇಕು. ಅಲ್ಲಿಯವರೆಗೆ ಗಾಡಿ ಮೆಕ್ಯಾನಿಕ್ಕಿನದು, ಅಲ್ಲಿಂದಾಚೆ ಮನೆಯದು. ಹಿಂದೂಗಳ ಗಾಡಿಯಾದರೆ ಅವರು ಆ ನಟ್ಟಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು, ಮುಸಲ್ಮಾನರ ಗಾಡಿಯಾದರೆ ಅವರ ಪಾಡಿಗೆ ದುವಾ ಮಾಡುತ್ತಿದ್ದರು. ಒಂದು ನಿಯಮ ಇಬ್ಬರಿಗೂ ಒಂದೇ. ಮನೆಯವರ ಕೈ ತಾಗಿದ ಆ ನಟ್ಟನ್ನು ಅವತ್ತು ಮೆಕ್ಯಾನಿಕ್ಕು ಮತ್ತೆ ಮುಟ್ಟಬಾರದು. ಮುಟ್ಟಿದರೆ ಅವರ ಕೈ ಮೇಲೆ ನಂಬಿಕೆ ಇಲ್ಲ ಅಂದ ಹಾಗಾಗುತ್ತದೆ. ನಾನು ಹನ್ನೆರಡು ವರ್ಷ ಅವರ ಹತ್ತಿರ ಇದ್ದು ಈ ಪದ್ಧತಿಯನ್ನು ಕಲಿತುಕೊಂಡು ಬಂದೆ. ಅರ್ಧ ಮಾತ್ರ ಕಲಿತಿದ್ದೆ ಅಂತ ಆಮೇಲೆ ತಿಳಿಯಿತು.

ಹೋದ ಶ್ರಾವಣದ ಒಂದು ಸೋಮವಾರಕ್ಕೆ ಪೂಜೆ ಇಟ್ಟುಕೊಂಡೆ. ರಾಹುಕಾಲ ಏಳೂವರೆಗೆ ಶುರು, ಅದಕ್ಕೆ ಮುಂಚೆ ಗಾಡಿ ಹೊರಡಬೇಕು. ದಿನ ಗೊತ್ತು ಮಾಡುವಾಗ ಕೆಲಸ ಇಷ್ಟು ಉಳಿದಿದೆ ಅಂತ ನನಗೆ ಲೆಕ್ಕವೇ ಸಿಕ್ಕಿರಲಿಲ್ಲ. ಶನಿವಾರ ರಾತ್ರಿ ಮಲಗಲಿಲ್ಲ, ಭಾನುವಾರ ರಾತ್ರಿಯೂ ಮಲಗಲಿಲ್ಲ. ಸೋಮವಾರ ಬೆಳಗ್ಗೆ ಏಳು ಗಂಟೆಗೆ ಮಾಯಮ್ಮ ತಲೆಗೆ ಸ್ನಾನ ಮಾಡಿ ಆರತಿ ತಟ್ಟೆ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದಾಗ ನಾನು ಇನ್ನೂ ಕಾರಿನ ಅಡಿಯಲ್ಲಿದ್ದೆ. ಮನೆ ನಟ್ಟಿಗೆ ಅಂತ ಬೇರೆ ಯಾವುದನ್ನೂ ಬಿಟ್ಟಿರಲಿಲ್ಲ. ಬಿಗಿಯದೆ ಉಳಿದಿದ್ದದ್ದು ಬಲಗಡೆ ಮುಂದಿನ ಚಕ್ರಕ್ಕೆ ಸ್ಟೇರಿಂಗಿನ ರಾಡು ಕೂರುವ ಜಾಗದ ನಟ್ಟು ಒಂದೇ.

ಅದನ್ನೇ ಅವಳಿಗೆ ಕೊಟ್ಟೆ. ಸ್ಟೇರಿಂಗು ಅಂದರೆ ಗಾಡಿಯ ಜೀವ, ಅವರಪ್ಪನ ಗಾಡಿಯ ಜೀವವನ್ನು ಮಗಳೇ ಬಿಗಿಯಲಿ ಅಂತ ಒಂದು ದೊಡ್ಡ ಮಾತನ್ನೂ ಆಡಿದೆ. ದಣಿದ ಮನುಷ್ಯ ಇಂಥ ಮಾತು ಬಹಳ ಆಡುತ್ತಾನೆ. ಅವಳು ಸೀರೆ ಎತ್ತಿ ಕಟ್ಟಿ, ಗೋಣಿ ಚೀಲದ ಮೇಲೆ ಮಂಡಿಯೂರಿ, ಎರಡೂ ಕೈಯಲ್ಲಿ ಸ್ಪ್ಯಾನರ್ ಹಿಡಿದು ತಿರುಗಿಸಿದಳು. ಆಮೇಲೆ ಅರಿಶಿನ ಕುಂಕುಮ ಹಚ್ಚಿದಳು. ಆ ನಟ್ಟಿನ ತಲೆಯಲ್ಲಿ ಕಚ್ಚುಗಳಿರುತ್ತವೆ, ಬೋಲ್ಟಿನ ತುದಿಯಲ್ಲಿ ಒಂದು ತೂತು. ನಟ್ಟು ಬಿಗಿದ ಮೇಲೆ ಆ ತೂತಿಗೆ ಸ್ಪ್ಲಿಟ್ ಪಿನ್ನು ತೂರಿಸಿ ತುದಿ ಮಡಚಿದರೆ ನಟ್ಟು ತಿರುಗಿ ಬೀಳುವ ಹಾಗಿಲ್ಲ. ಅದು ನನ್ನ ಕೆಲಸ. ಆದರೆ ಅರಿಶಿನ ಬಿದ್ದಾಗಿತ್ತು, ಮುಟ್ಟಬಾರದಿತ್ತು, ಗಂಟೆ ಏಳೂ ಇಪ್ಪತ್ತು ದಾಟಿತ್ತು. ನಾನು ಎದ್ದು ಹೋಗಿ ಬೂದುಗುಂಬಳ ಒಡೆದೆ.

ಮಾಯಮ್ಮ ನನ್ನ ಜೊತೆ ಸಾವನದುರ್ಗದ ಗುಡಿಗೆ ಬರಬೇಕಿತ್ತು. ಹುಳ ನಾಲ್ಕನೇ ಜ್ವರ ಎದ್ದಿದ್ದವು. ಜ್ವರ ಅಂದರೆ ಹುಳ ಮೇವು ಬಿಟ್ಟು ಪೊರೆ ಕಳಚುವುದು, ಎದ್ದ ಮೇಲೆ ಅವಕ್ಕೆ ಸೊಪ್ಪು ತಡವಾಗುವ ಹಾಗಿಲ್ಲ. ಅದಕ್ಕೆ ಅವಳು ಉಳಿದಳು. ನಾನು ಕಾರು ಸ್ಟಾರ್ಟ್ ಮಾಡಿದಾಗ ಕಿಟಕಿಗೆ ಬಗ್ಗಿ, ಕಣ್ಣು ಕೆಂಪಗಿವೆಯಲ್ಲ, ರಾತ್ರಿ ಒಂದಿಷ್ಟಾದರೂ ಮಲಗಿದ್ದಿರಾ ಅಂತ ಕೇಳಿದಳು. ಹೂಂ, ಮಲಗಿದ್ದೆ ಅಂದೆ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿಕೊಂಡು ಹೊರಟೆ.

ಬೆಟ್ಟದ ಕೆಳಗಿನ ಗುಡಿಯಲ್ಲಿ ಪೂಜೆ ಮಾಡಿಸಿದ್ದು ನೆನಪಿದೆ. ಪ್ರಸಾದ ತಿಂದದ್ದು, ವಾಪಸ್ ಬರುವಾಗ ಮೋಡ ಸರಿದು ಬಿಸಿಲು ಬಂದದ್ದು ನೆನಪಿದೆ. ಆಮೇಲೆ ನೆನಪಿರುವುದು ಆಸ್ಪತ್ರೆಯ ಫ್ಯಾನು. ಕಾರು ರಸ್ತೆ ಬಿಟ್ಟು ಎಡಕ್ಕೆ ಹೋಗಿ ಮೋರಿ ಕಟ್ಟೆಗೆ ಗುದ್ದಿ, ರಾಗಿ ಹೊಲದ ಕೆಸರಿಗೆ ಮೂತಿ ಇಟ್ಟಿತ್ತಂತೆ. ಕಳೆ ಕೀಳುತ್ತಿದ್ದವರು ಎಳೆದು ತೆಗೆದರಂತೆ. ಪ್ರಜ್ಞೆ ಬಂದ ತಕ್ಷಣ ನಾನು ಹೇಳಿದ್ದು ಒಂದೇ ಮಾತಂತೆ, ಸ್ಟೇರಿಂಗ್ ಕಿತ್ತುಕೊಂಡು ಬಂತು ಅಂತ. ಹಾಗಂದದ್ದು ನನಗೆ ನೆನಪಿಲ್ಲ. ಪೊಲೀಸರು ಅದನ್ನೇ ಬರೆದುಕೊಂಡರು, ಬೇರೆ ಯಾರಿಗೂ ಏನೂ ಆಗಿಲ್ಲವಾದ್ದರಿಂದ ಅಲ್ಲಿಗೆ ಬಿಟ್ಟರು. ಮಂಚದ ಪಕ್ಕ ನಿಂತಿದ್ದ ಮಾಯಮ್ಮ ಅದನ್ನೇ ಕೇಳಿಸಿಕೊಂಡಳು.

ಮೂರು ತಿಂಗಳು ಮಲಗಿದ್ದೆ, ಆಮೇಲೆ ವಾಕರು, ಆಮೇಲೆ ಕೋಲು. ನೋವಿನ ಕಥೆ ಹೇಳುವುದಿಲ್ಲ, ಎಲ್ಲರ ಮನೆಯಲ್ಲೂ ಒಬ್ಬರು ಬಿದ್ದಿರುತ್ತಾರೆ. ಬೇಜಾರಿನ ಕಥೆ ಮಾತ್ರ ಹೇಳುತ್ತೇನೆ. ಮಂಚದಿಂದ ಶೆಡ್ಡಿನ ತಗಡು ಕಾಣುತ್ತಿತ್ತು. ಜೀಪಿನ ಕೆಲಸವನ್ನು ಮನಸ್ಸಿನಲ್ಲೇ ಮಾಡಲು ಹೊರಡುತ್ತಿದ್ದೆ, ಎರಡನೇ ಬೋಲ್ಟಿಗೇ ಸುಸ್ತಾಗುತ್ತಿತ್ತು. ಮಲಗಿಕೊಂಡೇ ಸುಸ್ತಾಗುವುದು ಎಂಥ ಅವಮಾನ ಅಂತ ಮಲಗಿದವರಿಗೇ ಗೊತ್ತು. ಕರೀಂ ಅವರು ಫೋನ್ ಮಾಡಿ, ಜೀಪು ಎಲ್ಲೂ ಓಡಿಹೋಗುವುದಿಲ್ಲ, ನೀವು ಮೊದಲು ಎದ್ದೇಳಿ ಅಂದರು. ಒಳ್ಳೆಯ ಮಾತು, ಆದರೂ ಕೇಳಿ ಸಿಟ್ಟು ಬಂತು. ಆ ದಿನಗಳಲ್ಲಿ ನನಗೆ ಒಳ್ಳೆಯ ಮಾತಿಗೂ ಸಿಟ್ಟು ಬರುತ್ತಿತ್ತು.

ಮಾಯಮ್ಮ ಎಲ್ಲ ಮಾಡಿದಳು. ಹುಳಕ್ಕೆ ಸೊಪ್ಪು ಹಾಕಿ ಬಂದು ನನಗೆ ಮುದ್ದೆ ಇಡುತ್ತಿದ್ದಳು, ನನ್ನನ್ನು ಎಬ್ಬಿಸಿ ಕೂರಿಸಿ ಮತ್ತೆ ಸೊಪ್ಪು ಕೊಯ್ಯಲು ಹೋಗುತ್ತಿದ್ದಳು. ಆದರೆ ಮಾತು ನಿಂತಿತ್ತು. ಬೇಕಾದ್ದು ಕೇಳಿದರೆ ಕೊಡುತ್ತಿದ್ದಳು, ಅದರಾಚೆಗೆ ಒಂದು ಪದ ಇಲ್ಲ. ಯಾರಾದರೂ ಬಂದು ಹೇಗಾಯಿತು ಅಂತ ಕೇಳಿದರೆ, ನಾನು ಸ್ಟೇರಿಂಗು ಅನ್ನುವಷ್ಟರಲ್ಲಿ ಅವಳಿಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು. ಶೆಡ್ಡಿನ ಮುಂದೆ ಹಾದು ಹೋಗುವುದನ್ನೂ ಬಿಟ್ಟು, ಸುತ್ತು ಹಾಕಿಕೊಂಡು ಹಿತ್ತಲ ಕಡೆಯಿಂದ ತೋಟಕ್ಕೆ ಹೋಗುತ್ತಿದ್ದಳು. ನಾನೇ ತಿರುಗಿಸಿದ ನಟ್ಟು ಬಿದ್ದು ಗಂಡನ ಕಾಲು ಹೋಯಿತು ಅಂತ ಅವಳು ನಂಬಿದ್ದಾಳೆ ಅನ್ನುವುದು ತಿಳಿಯಲು ನನಗೆ ದೊಡ್ಡ ಬುದ್ಧಿ ಬೇಕಾಗಿರಲಿಲ್ಲ. ಮೊದಮೊದಲು ನಾನೂ ಅದನ್ನೇ ನಂಬಿದ್ದೆ. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಅವಳ ಮೇಲೆ ಸ್ವಲ್ಪ ಕೋಪವೂ ಇತ್ತು.

ಧನುರ್ಮಾಸದಲ್ಲಿ ಕಾಲಿನ ವ್ಯಾಯಾಮಕ್ಕೆ ಅಂತ ರಾಮನಗರಕ್ಕೆ ಆಟೋದಲ್ಲಿ ಹೋಗಿಬರುತ್ತಿದ್ದೆ. ಒಂದು ದಿನ ವಾಪಸ್ ಬರುವಾಗ ಮುಖಕ್ಕೆ ಬಿಸಿಲು ಬಿತ್ತು, ಕಣ್ಣು ಹಾಗೇ ಮುಚ್ಚಿತು. ಮುಚ್ಚಿದ ತಕ್ಷಣ ಬೆಚ್ಚಿ ಎದ್ದೆ. ಅವತ್ತಿನ ಬಿಸಿಲು ನೆನಪಾಯಿತು. ಅವತ್ತೂ ಹೀಗೇ ಮುಖಕ್ಕೆ ಬಿದ್ದಿತ್ತು, ಆ ಹುಣಸೆ ಮರದವರೆಗೆ ಒಂದು ಗಳಿಗೆ ಕಣ್ಣು ಮುಚ್ಚಿದರೆ ಏನಾಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅಂದುಕೊಂಡದ್ದು ಪದ ಪದವಾಗಿ ನೆನಪಾಯಿತು. ಮುಚ್ಚಿದೆನೋ ಇಲ್ಲವೋ ಅದು ಮಾತ್ರ ನೆನಪಾಗಲಿಲ್ಲ. ಆಟೋದವನು ಏನಣ್ಣ ನೋವಾ ಅಂತ ಕೇಳಿದ. ಹೌದು ಅಂದೆ.

ಆವತ್ತೇ ಮಾಯಮ್ಮನಿಗೆ ಹೇಳಬೇಕಿತ್ತು, ಹೇಳಲಿಲ್ಲ. ಗ್ಯಾರಂಟಿ ಇಲ್ಲದ ಮಾತು ಯಾಕೆ ಅಂದುಕೊಂಡೆ. ನಟ್ಟು ಬಿದ್ದಿದ್ದರೂ ಬಿದ್ದಿರಬಹುದು, ಪಿನ್ನಂತೂ ನಾನು ಹಾಕಿರಲಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ನಿದ್ದೆಗಣ್ಣಲ್ಲಿ ಗಾಡಿ ಓಡಿಸಿ ಮಾವನ ಕಾರನ್ನು ಮೋರಿಗೆ ಗುದ್ದಿದ ಮೆಕ್ಯಾನಿಕ್ಕು ಅನ್ನಿಸಿಕೊಳ್ಳುವುದಕ್ಕಿಂತ ಸ್ಟೇರಿಂಗ್ ಕಿತ್ತು ಬಂತು ಅನ್ನುವುದೇ ಮೇಲು. ಒಂದೆರಡು ಸಲ ದೇವರ ಫೋಟೋ ಮುಂದೆ ನಿಂತು, ಆ ನಟ್ಟು ಅಲ್ಲಿ ಇಲ್ಲದೇ ಇರಲಿ ಅಂತ ಬೇಡಿಕೊಂಡೆ. ಅಂದರೆ ಹೆಂಡತಿಯ ಕೈ ತಪ್ಪಿರಲಿ ಅಂತ. ಬರೆಯುವಾಗ ಕೈ ನಾಚುತ್ತದೆ, ಆದರೆ ಬೇಡಿಕೊಂಡದ್ದು ನಿಜ.

ಯುಗಾದಿ ಕಳೆದ ವಾರ ರಸೂಲ್ ಸಾಬರು ನೋಡಲು ಬಂದರು. ಎಪ್ಪತ್ತಾರು ವರ್ಷ, ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರು. ಅವರಿಗೆ ನಟ್ಟಿನ ಕಥೆ ಗೊತ್ತಿರಲಿಲ್ಲ. ಹೇಳಿದೆ.

"ಮನೆ ನಟ್ಟು ಅಂತ ಸ್ಟೇರಿಂಗ್ ನಟ್ಟು ಕೊಡ್ತಾರೇನ್ಲಾ?" ಅಂದರು. "ಹನ್ನೆರಡು ವರ್ಷ ನನ್ ಜೊತೆ ಇದ್ದೆ, ನಾನು ಯಾವ ನಟ್ಟು ಬುಡ್ತಿದ್ದೆ ಅಂತ ಒಂದ್ ದಿನಾನೂ ನೋಡ್ಲಿಲ್ವಾ? ಕನ್ನಡಿ ನಟ್ಟು ಕಣ್ಲಾ. ಇಲ್ಲಾಂದ್ರೆ ಬ್ಯಾಟರಿ ಪಟ್ಟಿದು. ಕನ್ನಡಿ ಬಿದ್ರೆ ಯಾರೂ ಸಾಯಕಿಲ್ಲ."

ನಾನು ನಿಜವಾಗಿಯೂ ನೋಡಿರಲಿಲ್ಲ. ಅರಿಶಿನ ಹಚ್ಚುವುದನ್ನು ನೋಡಿದ್ದೆ, ಯಾವ ನಟ್ಟಿಗೆ ಹಚ್ಚುತ್ತಾರೆ ಅಂತ ನೋಡಿರಲಿಲ್ಲ. ಮುಟ್ಟಬಾರದು ಅನ್ನುವ ನಿಯಮವನ್ನು ಅವರು ಇಟ್ಟುಕೊಂಡದ್ದು ಮುಟ್ಟದೇ ಇದ್ದರೂ ನಡೆಯುವ ನಟ್ಟಿಗೆ. ನಾನು ಗಿಣಿಪಾಠ ಒಪ್ಪಿಸಿದ್ದೆ. ತಲೆಯೆತ್ತಿದಾಗ ಮಾಯಮ್ಮ ಟೀ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಲೋಟ ಇಟ್ಟು ಹೋದಳು, ಸಾಬರು ಅವಳ ಬೆನ್ನನ್ನೇ ನೋಡಿದರು.

ಹೊರಡುವಾಗ ಅವರು ನನ್ನ ಭುಜ ಹಿಡಿದು ಇಷ್ಟೇ ಹೇಳಿದರು. "ಬಿಚ್ಚಿ ನೋಡು. ನಿನ್ ಕಾಲಿಗಲ್ಲ ಕಣ್ಲಾ, ಆ ಯಮ್ಮನ್ ಸಲುವಾಗಿ."

ಮೂರು ದಿನ ಬಿಟ್ಟು ಮಧ್ಯಾಹ್ನ, ಮಾಯಮ್ಮ ಹುಳದ ಮನೆಯಲ್ಲಿದ್ದಾಗ, ನಾನು ಕೋಲು ಊರಿಕೊಂಡು ಶೆಡ್ಡಿಗೆ ಹೋದೆ. ಅವಳಿಗೆ ತಿಳಿಯದ ಹಾಗೆ ಮೊದಲು ನಾನೊಬ್ಬನೇ ನೋಡಬೇಕು, ನೋಡಿದ ಮೇಲೆ ಏನು ಹೇಳಬೇಕೋ ಯೋಚಿಸಿದರಾಯಿತು ಅನ್ನುವುದು ನನ್ನ ಉಪಾಯ. ಟಾರ್ಪಾಲು ಎಳೆದೆ. ಎಡಗಡೆ ಮೂತಿ ಚಪ್ಪಟೆಯಾಗಿತ್ತು. ಕ್ರೇನಿನವರು ಮುಂದುಗಡೆ ಸೈಜುಗಲ್ಲು ಕೊಟ್ಟು ಕೂರಿಸಿ ಹೋಗಿದ್ದರು. ಬಲಗಡೆ ಚಕ್ರದ ಒಳಮಗ್ಗುಲು ಹೊಲದ ಕೆಸರು ಮೆತ್ತಿಕೊಂಡು, ಒಣಗಿ, ಇಟ್ಟಿಗೆಯಾಗಿತ್ತು. ಅದರೊಳಗೆ ನಟ್ಟು ಇದೆಯೋ ಇಲ್ಲವೋ ನಿಂತು ನೋಡಿದರೆ ಕಾಣುವ ಹಾಗಿರಲಿಲ್ಲ.

ಮೊದಲಾದರೆ ಒಂದೇ ಸಲಕ್ಕೆ ಅಡಿಗೆ ನುಗ್ಗುತ್ತಿದ್ದೆ. ಈಗ ಎಡಮಂಡಿ ಅರ್ಧಕ್ಕಿಂತ ಮಡಚುವುದಿಲ್ಲ. ಗೋಣಿ ಚೀಲ ಹಾಸಿ, ಬಂಪರು ಹಿಡಿದು, ಕೋಲು ಬಿಟ್ಟು, ಕಾಲು ನೀಡಿ, ಸೊಂಟ ಇಳಿಸಿ, ಬೆನ್ನು ಊರುವ ಹೊತ್ತಿಗೆ ಅಂಗಿ ಒದ್ದೆಯಾಗಿತ್ತು. ತೆವಳಿಕೊಂಡು ಒಳಗೆ ಹೋದೆ. ಎಂಟು ತಿಂಗಳ ಮೇಲೆ ಮೊದಲ ಸಲ ಒಂದು ಗಾಡಿಯ ಹೊಟ್ಟೆ ನನ್ನ ಮುಖದ ಮೇಲೆ ಇತ್ತು. ಗ್ರೀಸಿನ ವಾಸನೆಗೆ ಕಣ್ಣು ತುಂಬಿತು. ಖುಷಿಗೋ ಸುಸ್ತಿಗೋ ಗೊತ್ತಿಲ್ಲ.

ಸ್ಕ್ರೂಡ್ರೈವರಿನಿಂದ ಮಣ್ಣು ಕುಟ್ಟತೊಡಗಿದೆ. ಐದು ನಿಮಿಷಕ್ಕೆ ತೋಳು ಸೋತಿತು. ಎದೆ ಮೇಲೆ ಕೈ ಇಟ್ಟುಕೊಂಡು ಮಲಗಿದೆ, ಮತ್ತೆ ಕುಟ್ಟಿದೆ. ಎದ್ದು ಸ್ವಲ್ಪ ನೀರು ಕುಡಿದು ಬರೋಣ ಅಂತ ತೆವಳಲು ಹೋದರೆ ಕಾಲು ಬರಲಿಲ್ಲ. ಒಳಗೆ ಹೋಗುವುದನ್ನಷ್ಟೇ ಯೋಚಿಸಿದ್ದೆ, ಹೊರಗೆ ಬರುವುದನ್ನು ಯೋಚಿಸಿರಲಿಲ್ಲ. ಆಮೇಲೆ ಬೇರೆ ದಾರಿಯಿಲ್ಲದೆ ಮಾಯಮ್ಮನನ್ನು ಕೂಗಿದೆ.

ಓಡಿ ಬಂದ ಸದ್ದಾಯಿತು, ಶೆಡ್ಡಿನ ಬಾಗಿಲಲ್ಲಿ ನಿಂತಿತು. ಆಮೇಲೆ ಅವಳ ಪಾದಗಳು ನಿಧಾನಕ್ಕೆ ಕಾರಿನ ಪಕ್ಕ ಬಂದವು. ನನಗೆ ಕಾಣುತ್ತಿದ್ದದ್ದು ಪಾದ ಮತ್ತು ಸೀರೆಯ ಅಂಚು ಮಾತ್ರ. ಅಂಚಿಗೆ ಸೊಪ್ಪಿನ ಚೂರು ಅಂಟಿತ್ತು. ಎಳಿ ಅಂತ ಹೇಳಲು ಬಾಯಿ ತೆಗೆದೆ, ಅಷ್ಟರಲ್ಲಿ ಅವಳೇ ಕೇಳಿದಳು.

"ನಟ್ಟು ಐತಾ?"

ಎಂಟು ತಿಂಗಳಲ್ಲಿ ಅವಳಾಗಿ ಆಡಿದ ಮೊದಲ ಮಾತು ಅದು. ಇನ್ನೂ ಕಂಡಿಲ್ಲ, ಮಣ್ಣು ಮುಚ್ಚಿದೆ ಅಂದೆ. ಆ ಪಾದಗಳು ಅಲ್ಲಾಡಲಿಲ್ಲ. ನಾನು ಮತ್ತೆ ಕುಟ್ಟಿದೆ. ಒಂದು ಹೆಂಟೆ ಕಳಚಿ ನನ್ನ ಕತ್ತಿನ ಮೇಲೆ ಬಿತ್ತು. ನಟ್ಟಿನ ಅಂಚು ಕಂಡಿತು. ಅರಿಶಿನ ಇನ್ನೂ ಒಂದು ಗೆರೆಯಷ್ಟು ಉಳಿದಿತ್ತು. ನಟ್ಟು ಇತ್ತು. ಬೆರಳಿಟ್ಟು ಅಲ್ಲಾಡಿಸಿದೆ, ಸ್ಪ್ಯಾನರ್ ಹಾಕಿ ಎಳೆದೆ, ಕೂದಲೆಳೆಯಷ್ಟೂ ಕದಲಲಿಲ್ಲ. ನಾನು ಬಿಗಿದಿದ್ದರೂ ಇದಕ್ಕಿಂತ ಬಿಗಿಯಾಗುತ್ತಿರಲಿಲ್ಲ. ಆದರೆ ಬೋಲ್ಟಿನ ತೂತಿನಲ್ಲಿ ಏನೋ ಇತ್ತು. ಸ್ಪ್ಲಿಟ್ ಪಿನ್ನಲ್ಲ. ಬೆರಳಿನಿಂದ ಮಣ್ಣು ಒರೆಸಿದೆ. ಹೆಂಗಸರು ಬಳೆಗೆ, ತಾಳಿಗೆ ಸಿಕ್ಕಿಸಿಕೊಂಡಿರುವ ಬಟ್ಟೆ ಪಿನ್ನು. ತುಕ್ಕು ಹಿಡಿದಿತ್ತು, ಕೊಕ್ಕೆ ಹಾಕಿದ್ದು ಹಾಕಿದ ಹಾಗೇ ಇತ್ತು.

ಇದೇನು ಇಲ್ಲಿ ನಿನ್ನ ಪಿನ್ನು ಅಂದೆ.

ಅವಳು ಅಲ್ಲೇ ಕುಸಿದು ಕೂತಳು. ಮುಖ ಮಾತ್ರ ಇನ್ನೂ ಕಾಣಲಿಲ್ಲ, ಮಡಿಲಲ್ಲಿ ಕೈ ಕಂಡವು. "ನೀವು ಕುಂಬಳಕಾಯಿ ಒಡೆಯಕ್ ಹೋದ್ರಲ್ಲ," ಅಂದಳು. "ಆ ತೂತು ಖಾಲಿ ಇತ್ತು. ಬ್ಯಾರೆ ಗಾಡಿಗೆಲ್ಲ ನೀವು ಅಲ್ಲಿಗೆ ಏನೋ ತೂರ್ಸಿ ಮಡಚೋದು ನೋಡಿದ್ದೆ. ಕರೆದು ಹೇಳಾನ ಅಂದ್ರೆ ಜನ ನಿಂತಿದ್ರು, ಹೊತ್ತಾಗಿತ್ತು, ಮುಟ್ಟಬಾರ್ದು ಅಂತ ನೀವೇ ಅಂದಿದ್ರಿ. ನಾನೇ ಬಳೆದು ಪಿನ್ನು ತೆಗೆದು ಹಾಕ್ಬುಟ್ಟೆ. ಹೇಳ್ಬೇಕಿತ್ತು. ಹೇಳಿದ್ದಿದ್ರೆ ನೀವೇ ಸರಿಯಾದ್ ಪಿನ್ನು ಹಾಕ್ಕತಿದ್ರಿ. ಅದು ಮುರ್ಕೊಂಡು ನಟ್ಟು ಬಿದ್ದೋಯ್ತು ಅಂತ್ಲೇ ದಿನಾ..."

ನಾನು ಆ ಪಿನ್ನನ್ನು ನೋಡುತ್ತಾ ಮಲಗಿದ್ದೆ. ಇಪ್ಪತ್ತೆರಡು ವರ್ಷದ ಮೆಕ್ಯಾನಿಕ್ಕು ಹಾಗೇ ಬಿಟ್ಟು ಎದ್ದುಹೋದದ್ದನ್ನು ಅವಳು ನೋಡಿದ್ದಳು, ಕೈಗೆ ಸಿಕ್ಕಿದ್ದನ್ನು ಹಾಕಿ ಕಾದಿದ್ದಳು. ಅದಕ್ಕೆ ಎಂಟು ತಿಂಗಳು ತಲೆ ತಗ್ಗಿಸಿಕೊಂಡು ಓಡಾಡಿದ್ದಳು.

ಮುರಿದಿಲ್ಲ, ನೀನು ಹಾಕಿದ ಹಾಗೇ ಇದೆ, ನಟ್ಟು ನನ್ನ ಕೈಯಲ್ಲೂ ಬಿಚ್ಚುತ್ತಿಲ್ಲ ಅಂದೆ. ಅವಳು ಅತ್ತಳು. ಸದ್ದು ಮಾಡಿ ಅಳುವವಳಲ್ಲ, ಉಸಿರು ಎಳೆದುಕೊಳ್ಳುವುದು ಮಾತ್ರ ಕೇಳುತ್ತಿತ್ತು. ಆ ಉಸಿರು ಒಂದು ಹದಕ್ಕೆ ಬಂತು, ಆಮೇಲೆ ಅಳು ನಿಂತಿತು. ಮುಂದಿನ ಪ್ರಶ್ನೆ ಏನು ಅಂತ ನನಗೆ ಆಗಲೇ ಗೊತ್ತಿತ್ತು.

"ಮತ್ತೆ ಕಾರು ಯಾಕೆ ಹೋಯ್ತು?"

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಅದು ಹೋಗಿ ಮುಗಿಯುವವರೆಗೂ ಕಾದೆ. ಟೈರು ಅನ್ನಬಹುದಿತ್ತು, ನಾಯಿ ಅಡ್ಡ ಬಂತು ಅನ್ನಬಹುದಿತ್ತು. ಅಷ್ಟು ಹೊತ್ತು ಅವೆರಡನ್ನೂ ಯೋಚಿಸಿದೆ ಅಂತಲೂ ಒಪ್ಪಿಕೊಳ್ಳುತ್ತೇನೆ.

"ನಿದ್ದೆ ಬಂದ್ಬುಡ್ತು ಕಣಮ್ಮಿ," ಅಂದೆ. "ಎರಡು ರಾತ್ರಿ ಮಲಗಿರ್ಲಿಲ್ಲ. ನಿಂಗೆ ಸುಳ್ ಹೇಳಿ ಹೋಗಿದ್ದೆ."

"ಯಾವಾಗ ಗೊತ್ತಾಯ್ತು ನಿಮ್ಗೆ?"

"ಧನುರ್ಮಾಸದಲ್ಲಿ."

ಅವಳು ಬೆರಳು ಮಡಚಿ ಎಣಿಸಿದಳು. ಆ ಕೈ ನನಗೆ ಕಾಣುತ್ತಿತ್ತು. ನಾಲ್ಕನೇ ಬೆರಳಿಗೆ ನಿಲ್ಲಿಸಿ ಕೈ ಮುಚ್ಚಿಕೊಂಡಳು. "ನಾಕ್ ತಿಂಗ್ಳು ಗೊತ್ತಿದ್ದೂ ನಾನು ಹಿತ್ಲಿಂದ ಸುತ್ಕೊಂಡ್ ಹೋಗೋದು ನೋಡ್ಕಂಡ್ ಕುಂತಿದ್ರಾ," ಅಂದಳು. ಕೂಗಲಿಲ್ಲ. ಕೂಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಎದ್ದಳು. ಸೊಪ್ಪಿನ ಹೊತ್ತಾಯಿತು ಅಂತ ತನಗೆ ತಾನೇ ಹೇಳಿಕೊಂಡು ಹೊರಟಳು. ಪಾದಗಳು ಬಾಗಿಲು ದಾಟಿ ಹೋದವು.

ನನ್ನನ್ನು ಎಳೆದು ಹೋಗು ಅಂತ ಕೂಗಬಹುದಿತ್ತು, ಕೂಗಲಿಲ್ಲ. ಅವಳಿಗೆ ಹುಳ ಕಾಯುತ್ತಿದ್ದವು. ಬೆನ್ನಿಗೆ ಕಲ್ಲು ಚುಚ್ಚುತ್ತಿತ್ತು, ಕಾಲು ಜೋಮು ಹಿಡಿಯಿತು, ತಗಡಿನ ಕಾವು ಕೆಳಗಿಳಿಯಿತು. ಆಚೆ ಸೊಪ್ಪು ಕತ್ತರಿಸುವ ಸದ್ದು ಶುರುವಾಗಿ, ನಿಂತು, ಮತ್ತೆ ಶುರುವಾಯಿತು. ಹುಳ ಸೊಪ್ಪು ಮೇಯುವ ಸದ್ದು ಇಲ್ಲಿಗೆ ಕೇಳುವುದಿಲ್ಲ, ಆದರೂ ಕೇಳಿದ ಹಾಗಾಯಿತು. ಅಷ್ಟು ಹೊತ್ತಿನಲ್ಲಿ ಬಟ್ಟೆ ಪಿನ್ನನ್ನು ಮೆಲ್ಲಗೆ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡೆ. ಮಾಡುವುದಕ್ಕೆ ಬೇರೇನೂ ಇರಲಿಲ್ಲ.

ಮುಕ್ಕಾಲು ಗಂಟೆಯಾದ ಮೇಲೆ ಬಂದಳು. ಗೋಣಿ ಚೀಲದ ಎರಡು ಮೂಲೆ ಹಿಡಿದು ನನ್ನ ಸಮೇತ ಹೊರಗೆ ಎಳೆದಳು. ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿ, ಕೋಲು ಎತ್ತಿ ಕೊಟ್ಟಳು. ಮುಖ ಊದಿಕೊಂಡಿತ್ತು. ಅಂಗೈ ಚಾಚಿದೆ. ಪಿನ್ನನ್ನು ತೆಗೆದುಕೊಂಡು, ಸೆರಗಿಗೆ ಒರೆಸಿ, ಬಳೆಗೆ ಸಿಕ್ಕಿಸಿಕೊಂಡಳು. ತುಕ್ಕು ಹಿಡಿದಿದೆ, ಬಿಸಾಕು ಅಂದರೆ ಕೇಳಿಸದವಳ ಹಾಗೆ ಹೋದಳು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವಳೂ ಮಲಗಿದ ಹಾಗೆ ಕಾಣಲಿಲ್ಲ. ಬೆಳಗ್ಗೆ ಎದ್ದು ಕರೀಂ ಅವರಿಗೆ ಫೋನ್ ಮಾಡಿ, ಇವತ್ತಿನಿಂದ ನಿಮ್ಮ ಜೀಪು ಶುರು ಮಾಡುತ್ತೇನೆ ಅಂದೆ. ಅವರು ಸಂತೋಷಪಟ್ಟರು. ಕೆಲಸದ ಹಳೇ ಪ್ಯಾಂಟು ಹಾಕಿಕೊಂಡೆ, ಸೊಂಟಕ್ಕೆ ಸಡಿಲವಾಗಿತ್ತು, ದಾರ ಕಟ್ಟಿದೆ. ಶೆಡ್ಡಿನ ಬೀಗದ ಕೈ ತೆಗೆದುಕೊಂಡು ಜಗುಲಿಗೆ ಬಂದರೆ ಮಾಯಮ್ಮ ಸೊಪ್ಪಿನ ಹೊರೆ ಇಳಿಸುತ್ತಿದ್ದಳು. ನೆಟ್ಟಗೆ ನಿಂತು ನನ್ನ ಕಣ್ಣನ್ನು ನೋಡಿದಳು.

"ರಾತ್ರಿ ಒಸಿನಾದ್ರೂ ಮಲಗಿದ್ರಾ?"

ಹೂಂ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಅದು ಅಲ್ಲಿಗೆ ತಾನಾಗಿಯೇ ಬರುತ್ತದೆ, ಎಷ್ಟೋ ವರ್ಷದ ಅಭ್ಯಾಸ. ಫೋನ್ ಬೇರೆ ಮಾಡಿಯಾಗಿತ್ತು, ಪ್ಯಾಂಟು ಬೇರೆ ಹಾಕಿಯಾಗಿತ್ತು.

"ಇಲ್ಲ ಕಣಮ್ಮಿ," ಅಂದೆ. "ಕಣ್ಣೇ ಮುಚ್ಲಿಲ್ಲ."

ಅವಳು ಕೈ ಚಾಚಿದಳು. ಬೀಗದ ಕೈಯನ್ನು ಅದರಲ್ಲಿ ಹಾಕಿದೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೊಪ್ಪಿನ ಹೊರೆ ಎತ್ತಿಕೊಂಡು, ಈ ಸಲ ಶೆಡ್ಡಿನ ಮುಂದಿನಿಂದಲೇ ಹುಳದ ಮನೆಗೆ ಹೋದಳು. ನಾನು ಒಳಗೆ ಹೋಗಿ ಪ್ಯಾಂಟಿನಲ್ಲೇ ಮಲಗಿದೆ. ಎಚ್ಚರವಾದಾಗ ಮಧ್ಯಾಹ್ನ ದಾಟಿತ್ತು. ಬೀಗದ ಕೈ ದಿಂಬಿನ ಪಕ್ಕದಲ್ಲಿತ್ತು, ಅದಕ್ಕೆ ಆ ತುಕ್ಕು ಹಿಡಿದ ಪಿನ್ನು ಸಿಕ್ಕಿಸಿತ್ತು.